ಅರ್ಧ ಅಂಗಳದ ಶಿಬಿರ

ಮಕ್ಕಳ ಶಿಬಿರಕ್ಕೆ ಜಾಗ ನೋಡಲು ಮೊದಲು ನಾವು ಹೊರಟದ್ದು ಗುಂಪೆಗೇ. ಪೊಸಡಿ ಗುಂಪೆ. ಕಾಸರಗೋಡು ಜಿಲ್ಲೆಯ ಧರ್ಮತ್ತಡ್ಕದ ಕಡೆಯಿಂದ ಕಾಣುವ ಆ ಬೋಳು ಗುಡ್ಡ ನಮ್ಮ ಮಕ್ಕಳಿಗೆಲ್ಲ ಗೊತ್ತು. ಎತ್ತರ ಸಾವಿರ ಅಡಿಗೆ ತುಸು ಮೇಲೆ. ತುದಿಯಲ್ಲಿ ನಿಂತರೆ ಪಡುವಣಕ್ಕೆ ಕಡಲು ಕಾಣುತ್ತದೆ. ನಮ್ಮೂರಿನ ಗ್ರಂಥಾಲಯದ ಬಾಲವೇದಿಯಲ್ಲಿ ಭಾನುವಾರ ಸೇರುವ ಮಕ್ಕಳು ಎರಡು ವರ್ಷದಿಂದ ಒಂದೇ ರಾಗ ಎಳೆಯುತ್ತಿದ್ದರು: ‘ಟೀಚರ್, ಒಂದು ರಾತ್ರಿ ಹೊರಗೆ ಮಲಗುವ.’ ಎಲ್ಲರೂ ಏಳರಿಂದ ಹತ್ತು ವರ್ಷದೊಳಗಿನವರು. ಕೇರಳದ ಶಾಲೆಗಳಲ್ಲಿ ಇಂಥದ್ದಕ್ಕೆ ‘ಸಹವಾಸ ಶಿಬಿರ’ ಎನ್ನುತ್ತಾರೆ. ಪುತ್ತೂರಿನ ನನ್ನ ನೆಂಟರಿಗೆ ಈ ಹೆಸರು ಕೇಳಿದರೇ ನಗು. ‘ಎಂಥ ಸಹವಾಸ ಕಲಿಸ್ತೀ ಮಾರಾಯ್ತಿ’ ಎಂದು ಈಗಲೂ ಕೇಳುತ್ತಾರೆ.

2024ರ ನವೆಂಬರಿನ ಒಂದು ಶನಿವಾರ ಸಂಜೆ ನಾನು, ಗ್ರಂಥಾಲಯದ ಕಾರ್ಯದರ್ಶಿ, ಇನ್ನೊಬ್ಬ ಮಾಷ್ಟ್ರು ಗುಡ್ಡ ಹತ್ತಿದೆವು. ಜಾಗ ನೋಡುವುದಾದರೆ ಮಲಗುವ ಹೊತ್ತಿನಲ್ಲೇ ನೋಡಬೇಕು ಎಂಬುದು ಮಾಷ್ಟ್ರ ಮಾತು. ಅದು ಸರಿಯೇ ಆಯಿತು. ಐದೂವರೆಗೆ ಸ್ವರ್ಗದಂತಿದ್ದ ಜಾಗದಲ್ಲಿ ಏಳೂಕಾಲಿಗೆ ಅಂಚು ಎಲ್ಲಿ, ದಾರಿ ಎಲ್ಲಿ ಎಂದು ಟಾರ್ಚು ಹಾಕಿದರೂ ತಿಳಿಯಲಿಲ್ಲ. ನೀರಿಲ್ಲ, ಶೌಚಾಲಯವಿಲ್ಲ, ಮರದ ಮರೆಯೂ ಇಲ್ಲ. ಮುಳಿಹುಲ್ಲಿನ ಮಧ್ಯೆ ಒಡೆದ ಬಾಟಲಿ ಚೂರು. ಗಾಳಿಗೆ ಕಾರ್ಯದರ್ಶಿಯವರ ಟೊಪ್ಪಿ ಹಾರಿಹೋಯಿತು, ಅದನ್ನು ಹುಡುಕುವ ಧೈರ್ಯ ಮೂವರಲ್ಲಿ ಯಾರಿಗೂ ಬರಲಿಲ್ಲ. ದೊಡ್ಡವರು ಮೂವರು ಒಂದು ಟೊಪ್ಪಿಯ ಹಿಂದೆ ಹೋಗಲಾಗದ ಕಡೆ ಮಕ್ಕಳನ್ನು ಮಲಗಿಸುವುದು ಹೇಗೆ? ಇಳಿಯುವಾಗ ಆ ಮಾತು ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

ಎರಡನೆಯದು ಕಾರಡ್ಕದ ಆಚೆ, ಪರಿಚಯದವರೊಬ್ಬರ ರಬ್ಬರ್ ತೋಟ. ಆ ಕಡೆ ಆನೆ ಬರುವುದು ಹಳೆಯ ಸುದ್ದಿ, ಆ ವರ್ಷ ಮುಳಿಯಾರು ಸುತ್ತಮುತ್ತ ಚಿರತೆಯ ಸುದ್ದಿಯೂ ಇತ್ತು. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯಲ್ಲಿ ಡೇರೆಯಲ್ಲಿ ತಂಗಿದ್ದ ಮಹಿಳೆಯನ್ನು ಆನೆ ಕೊಂದದ್ದನ್ನು ಕಾರ್ಯದರ್ಶಿ ನೆನಪಿಸಿದರು. ಆ ತೋಟಕ್ಕೆ ನಾವು ಹೋಗಲೂ ಇಲ್ಲ.

ಕೊನೆಗೆ ಸಿಕ್ಕಿದ್ದು ನೀರ್ಚಾಲಿನಿಂದ ಒಳಗೆ ಒಂದು ಅಡಿಕೆ ತೋಟದ ಹಳೇ ಮನೆ. ದೊಡ್ಡ ಚಾವಡಿ, ಕಟ್ಟೆ ಇರುವ ಬಾವಿ, ಹೊರಗಡೆ ಎರಡು ಶೌಚಾಲಯ, ಮನೆಯಂಗಳದವರೆಗೆ ಜೀಪು ಬರುವ ದಾರಿ. ಯಜಮಾನರು ಒಪ್ಪಿದರು. ಆದರೆ ಡಿಸೆಂಬರ್ ಎಂದರೆ ಅಂಗಳದ ತುಂಬ ಅಡಿಕೆ. ‘ಅರ್ಧ ಖಾಲಿ ಮಾಡಿಕೊಡ್ತೇನೆ ಟೀಚರೇ, ಉಳಿದರ್ಧದ ಮೇಲೆ ಮಕ್ಕಳು ಓಡಿದರೆ ನಾನು ಜವಾಬ್ದಾರನಲ್ಲ’ ಎಂದರು. ಜಾರಿ ಬಿದ್ದರೆ ಎಂಬ ಅರ್ಥದಲ್ಲಿ ಹೇಳಿದರೋ, ಅಡಿಕೆ ಹಾಳಾದರೆ ಎಂಬ ಅರ್ಥದಲ್ಲೋ, ಈಗಲೂ ತಿಳಿಯದು.

ಎಪ್ರಿಲ್-ಮೇ ರಜೆಯಲ್ಲಿ ಮಾಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಬೇಸಿಗೆಯಲ್ಲಿ ನಮ್ಮಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಸಿಡಿಲಿನ ಹೊತ್ತು ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಎಚ್ಚರಿಸುತ್ತದೆ. ಮಕ್ಕಳು ಅಂಗಳದಲ್ಲಿರುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ಕ್ರಿಸ್ಮಸ್ ರಜೆ, ಡಿಸೆಂಬರ್ 28ರ ಶನಿವಾರ ಎಂದು ಗೊತ್ತು ಮಾಡಿದೆವು. ಅಮಾವಾಸ್ಯೆಗೆ ಎರಡು ದಿನ ಮೊದಲು, ನಕ್ಷತ್ರ ನೋಡಲಿಕ್ಕೆ ಒಳ್ಳೆಯದು. ಆ ತಿಂಗಳ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಾಗ ನನ್ನ ಲೆಕ್ಕಾಚಾರಕ್ಕೆ ಎಲ್ಲರೂ ನಕ್ಕರು.

ಹೆಸರು ಕೊಟ್ಟವರು 23 ಮಕ್ಕಳು. ಅವರಿಗೆ ಎಷ್ಟು ದೊಡ್ಡವರು ಬೇಕು? ‘ಹತ್ತು ಮಕ್ಕಳಿಗೆ ಒಬ್ಬರು ಸಾಕು’ ಎಂದು ಸಮಿತಿಯಲ್ಲಿ ಬಂದ ಮಾತು. ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ನಾಲ್ಕರಿಂದ ಎಂಟು ವರ್ಷದ ಆರು ಮಕ್ಕಳಿಗೆ ಒಬ್ಬರು, ಒಂಬತ್ತರಿಂದ ಹನ್ನೆರಡರ ಎಂಟು ಮಕ್ಕಳಿಗೆ ಒಬ್ಬರು ಎನ್ನುತ್ತದೆ. ನಮ್ಮಲ್ಲಿ ಎಂಟರವರೆಗಿನವರು 14, ಮೇಲಿನವರು 9. ಮೂರು ಮತ್ತು ಎರಡು, ಒಟ್ಟು ಐದು. ನಾನು ಸೇರಿ ಆರು ಎಂದು ಹಟ ಹಿಡಿದೆ, ರಾತ್ರಿ ಕಾವಲಿಗೆ ಇಬ್ಬಿಬ್ಬರ ಮೂರು ಜೋಡಿ ಆಗುತ್ತದೆ. ಅಡುಗೆಯ ಇಬ್ಬರು, ಮನೆಯವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅನ್ನ ಬಸಿಯುವವರು ಮಕ್ಕಳನ್ನೂ ನೋಡುತ್ತಾರೆ ಎಂದುಕೊಂಡರೆ ಎರಡೂ ಕೆಡುತ್ತದೆ.

ಕಷ್ಟ ಶುರುವಾದದ್ದು ಈ ಆರು ಮಂದಿಯ ವಿಷಯದಲ್ಲಿ. ಎಲ್ಲರೂ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಬೇಕು ಎಂದೆ. ಕೇರಳ ಪೊಲೀಸರ ‘ತುಣ’ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು, ದೊಡ್ಡ ಕಷ್ಟವೇನಿಲ್ಲ. ಸಭೆಯಲ್ಲಿ ಗಾಳಿಯೇ ನಿಂತ ಹಾಗಾಯಿತು. ಮೂವತ್ತು ವರ್ಷ ಗ್ರಂಥಾಲಯಕ್ಕೆ ದುಡಿದ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: ‘ನನ್ನ ಮೇಲೆ ಸಂಶಯವಾ ಟೀಚರೇ?’ ಅವರ ಕೈಯಲ್ಲೇ ನಾನು ಚಿಕ್ಕಂದಿನಲ್ಲಿ ಪುಸ್ತಕ ಎರವಲು ತೆಗೆದುಕೊಂಡವಳು. ಉತ್ತರವಾಗಿ ನನ್ನ ಅರ್ಜಿಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ‘ಮೊದಲು ನಂದು. ಹೆತ್ತವರಿಗೆ ತೋರಿಸಲಿಕ್ಕೆ’ ಎಂದೆ. ಉಳಿದ ನಿಯಮಗಳನ್ನೂ ಆಗಲೇ ಓದಿಬಿಟ್ಟೆ, ಒಂದೇ ಸಲ ಬೈಸಿಕೊಳ್ಳುವ ಎಂದು. ಯಾವ ದೊಡ್ಡವರೂ ಒಬ್ಬ ಮಗುವಿನ ಜೊತೆ ಒಂಟಿಯಾಗಿ ಇರಬಾರದು, ಶೌಚಾಲಯಕ್ಕೆ ಕರಕೊಂಡು ಹೋಗುವಾಗಲೂ. ದೊಡ್ಡವರು ಮಕ್ಕಳ ಸೊಳ್ಳೆಪರದೆಯೊಳಗೆ ಮಲಗಬಾರದು. ಫೋಟೋ ತೆಗೆಯುವುದು ಒಬ್ಬರೇ, ಯಾರ ಸ್ಟೇಟಸ್ಸಿಗೂ ಹಾಕುವ ಹಾಗಿಲ್ಲ. ಮಗು ಏನಾದರೂ ಹೇಳಿದರೆ ‘ಸುಮ್ಮನಿರು’ ಎನ್ನುವ ಹಾಗಿಲ್ಲ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಮಕ್ಕಳಿಗೆ 1098 ಎಂಬ ಮಕ್ಕಳ ಸಹಾಯವಾಣಿ ನಂಬರು ಬಾಯಿಪಾಠ ಆಗಬೇಕು.

ಆ ಹಿರಿಯರು ಮರುವಾರ ಸರ್ಟಿಫಿಕೇಟಿನ ಅರ್ಜಿ ಹಾಕಿ ಬಂದರು. ಅದಕ್ಕೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಒಂದು ಗಂಟೆ ಕಾದರಂತೆ. ಇನ್ನೊಬ್ಬರು ಮಾತ್ರ ‘ಆ ದಿನ ಒಂದು ಮದುವೆ ಉಂಟು’ ಎಂದು ಹಿಂದೆ ಸರಿದರು. ಮದುವೆ ನಿಜವಾಗಿಯೂ ಇತ್ತೋ, ಬೇಸರವೋ, ಬೇರೆ ಏನಾದರೂ ಇತ್ತೋ, ನಾನು ಕೇಳಲಿಲ್ಲ. ಅವರ ಜಾಗಕ್ಕೆ ನಿವೃತ್ತ ಅಂಗನವಾಡಿ ಟೀಚರೊಬ್ಬರು ಬಂದರು. ಎಲ್ಲರೂ ಅವರನ್ನು ‘ಅಕ್ಕ’ ಎನ್ನುವುದು. ಮಲೆಯಾಳ, ತುಳು, ಕನ್ನಡ ಮೂರೂ ನೀರು ಕುಡಿದ ಹಾಗೆ ಬರುತ್ತದೆ. ಅದು ಎಷ್ಟು ದೊಡ್ಡ ಉಪಕಾರ ಎಂದು ಆಗ ತಿಳಿದಿರಲಿಲ್ಲ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಮಲೆಯಾಳದಲ್ಲೂ ಅಚ್ಚು ಹಾಕಿಸಿದೆವು. ದಮ್ಮು, ಅಪಸ್ಮಾರ, ಅಲರ್ಜಿ, ಮದ್ದು, ಅದರ ಹೊತ್ತು, ಮಗುವಿನ ತೂಕ, ಬೆಳಿಗ್ಗೆ ಕರೆದೊಯ್ಯುವವರ ಹೆಸರು ಎಲ್ಲ ಅದರಲ್ಲಿತ್ತು. ‘ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಇದೆಯೇ?’ ಎಂಬ ಸಾಲನ್ನು ಅಕ್ಕ ಕಂಡವರೇ ಹೊಡೆದು ಹಾಕಿದರು. ‘ಹೀಗೆ ಕೇಳಿದರೆ ಯಾವ ತಾಯಿಯೂ ಹೌದು ಅಂತ ಬರೆಯುವುದಿಲ್ಲ.’ ‘ರಾತ್ರಿ ಒಮ್ಮೆ ಎಬ್ಬಿಸಬೇಕೇ?’ ಎಂದು ತಿದ್ದಿದರು. ಆರು ಮಂದಿ ಹೌದು ಎಂದು ಬರೆದರು. ಇನ್ನೊಂದು ಸಾಲು ಅವರದೇ: ‘ಅರೆನಿದ್ದೆಯಲ್ಲಿ ಮಗು ಯಾವ ಭಾಷೆ ಮಾತಾಡುತ್ತದೆ?’ ತುಳು, ಮಲೆಯಾಳ, ಕೊಂಕಣಿ, ಮರಾಠಿ, ಹವ್ಯಕ. ಶಾಲೆಯಲ್ಲಿ ಎಲ್ಲರದೂ ಕನ್ನಡ. ರಾತ್ರಿ ಎರಡು ಗಂಟೆಗೆ, ಹವ್ಯಕದವರನ್ನು ಬಿಟ್ಟರೆ, ಯಾರದೂ ಕನ್ನಡ ಅಲ್ಲ.

ಹೆತ್ತವರ ಸಭೆ ಡಿಸೆಂಬರ್ 15ಕ್ಕೆ. ಅದಕ್ಕೆ ಐದು ದಿನ ಮೊದಲು ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡಿದ್ದರು. ಸಭೆಯಲ್ಲಿ ಮೊದಲ ಪ್ರಶ್ನೆಯೇ ‘ಅಲ್ಲಿ ಕೆರೆ ಉಂಟಾ?’ ಉಂಟು ಎಂದೆ. ಅಂಗಳದಿಂದ ಅರುವತ್ತು ಹೆಜ್ಜೆ, ನಾನೇ ಅಳೆದದ್ದು. ತೋಟದ ಮೇಲ್ಬದಿಯಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗವೂ ಉಂಟು, ನಮ್ಮ ಕಡೆಯ ಹಳೇ ತೋಟಗಳಲ್ಲಿ ಇರುವ ಹಾಗೆ. ಎರಡಕ್ಕೂ ದಬ್ಬೆಯ ಬೇಲಿ ಕಟ್ಟಿಸುತ್ತೇವೆ, ಸ್ನಾನಕ್ಕೆ ಯಾರೂ ಕೆರೆಗೆ ಇಳಿಯುವುದಿಲ್ಲ ಎಂದೆ. ಮೂಗಿನ ಮೂಲಕ ಹೋಗಿ ಮಿದುಳಿಗೆ ಏರುವ ಅಮೀಬಾ ಆ ವರ್ಷ ಕೇರಳದಲ್ಲಿ ಮಕ್ಕಳ ಜೀವ ತೆಗೆದಿತ್ತು, ಹಾಗಾಗಿ ಈ ನಿಯಮಕ್ಕೆ ಯಾರ ತಕರಾರೂ ಇರಲಿಲ್ಲ. ಊಟ ಪೂರ್ತಿ ಸಸ್ಯಾಹಾರ, ಅಲ್ಲೇ ಬೇಯಿಸಿದ್ದು, ಕುದಿಸಿ ಆರಿಸಿದ ನೀರು. 2022ರಲ್ಲಿ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ವಿದ್ಯಾರ್ಥಿನಿ ತೀರಿಕೊಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ಹೊರಗಿನ ಊಟ ಎಂದರೆ ಹೆತ್ತವರು ಬೆಚ್ಚುತ್ತಾರೆ.

ನನ್ನ ಹೆದರಿಕೆ ಬೇರೆಯೇ ಇತ್ತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಹತ್ತು ವರ್ಷದ ಹುಡುಗಿಗೆ ತರಗತಿಯೊಳಗೇ ಹಾವು ಕಚ್ಚಿದ್ದು, ಆಸ್ಪತ್ರೆಗೆ ಸೇರಿಸಲು ತಡವಾದದ್ದು ಕೇರಳದ ಯಾವ ಟೀಚರಿಗೂ ಮರೆಯುವುದಿಲ್ಲ. ಆ ವಾರ ನಾವೆಲ್ಲ ನಮ್ಮ ನಮ್ಮ ಕ್ಲಾಸಿನ ನೆಲದ ಬಿರುಕಿಗೆ ಸಿಮೆಂಟು ಮೆತ್ತಿದವರು. ನೆಲದಲ್ಲಿ ಮಲಗಿದವರನ್ನು ರಾತ್ರಿ ಕಚ್ಚುವುದರಲ್ಲಿ ಕಡಂಬಳ, ಅಂದರೆ ಕಟ್ಟುಹಾವು, ಹೆಸರುವಾಸಿ. ಕಚ್ಚಿದ ಕಡೆ ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಕಾಣದು. ಮಗು ಹೊಟ್ಟೆನೋವು ಅನ್ನುತ್ತದೆ, ಆಮೇಲೆ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಇದಕ್ಕೆ ಒಳ್ಳೆಯ ಕಾವಲು ಎಂದರೆ ಅಂಚನ್ನು ಚಾಪೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ. ಆದ್ದರಿಂದ ಸಣ್ಣವರು 14 ಮಂದಿ ಚಾವಡಿಯಲ್ಲಿ ಪರದೆಯೊಳಗೆ, ದೊಡ್ಡ 9 ಮಂದಿ ನೆಲಹಾಸು ಕೂಡಿ ಹೊಲಿದ, ಜಿಪ್ ಇರುವ ಮೂರು ಡೇರೆಗಳಲ್ಲಿ ಎಂದು ತೀರ್ಮಾನಿಸಿದೆವು. ಡೇರೆಯೊಳಗೆ ಸೊಳ್ಳೆಬತ್ತಿ, ಮೇಣದಬತ್ತಿ ಏನೂ ಇಲ್ಲ. ಚಪ್ಪಲಿ ಮೊಳೆಗೆ ನೇತುಹಾಕುವುದು, ಬೆಳಿಗ್ಗೆ ಕೊಡವಿ ಹಾಕಿಕೊಳ್ಳುವುದು.

ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನಲ್ಲಿ ಹಾವು ಹಿಡಿಯುವವರ ನಂಬರಿನ ಜೊತೆ ವಿಷಕ್ಕೆ ಮದ್ದಿರುವ ಆಸ್ಪತ್ರೆಗಳ ಪಟ್ಟಿಯೂ ಇದೆ. ಪಟ್ಟಿ ಇದ್ದರೆ ಸಾಲದು, ರಾತ್ರಿ ಎರಡು ಗಂಟೆಗೆ ಮಕ್ಕಳ ಡಾಕ್ಟರು, ವೆಂಟಿಲೇಟರು ಎರಡೂ ಇರುತ್ತದೆಯೇ ಎಂದು ಕೇಳಬೇಕು. ಒಂದು ಆಸ್ಪತ್ರೆ ಮೂರು ದಿನ ಫೋನೇ ಎತ್ತಲಿಲ್ಲ. ನಾನೇ ಹೋಗಿ ಕೌಂಟರಿನಲ್ಲಿ ಕೇಳಿದರೆ ‘ಕಚ್ಚಿದ ಮೇಲೆ ಬನ್ನಿ ನೋಡುವ’ ಎಂದರು. ಬೈಯಲಿಕ್ಕೂ ಬಾಯಿ ಬರಲಿಲ್ಲ. ಮಂಗಳೂರಿನ ಒಂದು ಆಸ್ಪತ್ರೆಯವರು ಸರಿಯಾಗಿ ಉತ್ತರಿಸಿದರು. ಆದರೆ 2020ರ ಕೊರೊನಾ ಕಾಲದಲ್ಲಿ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸುಗಳು ವಾಪಸ್ಸು ಬಂದದ್ದನ್ನು ಕಂಡ ನಮಗೆ ‘ಮಂಗಳೂರು ಉಂಟಲ್ಲ’ ಎಂದು ನೆಮ್ಮದಿಯಿಂದ ಹೇಳಲು ಈಗಲೂ ಆಗುವುದಿಲ್ಲ. ಎರಡು ಆಸ್ಪತ್ರೆ ಬರೆದಿಟ್ಟೆವು, ಒಂದು ಹತ್ತಿರದ್ದು, ಒಂದು ದೊಡ್ಡದು. ಮಾಷ್ಟ್ರು ಒಂದು ರಾತ್ರಿ ಹನ್ನೊಂದಕ್ಕೆ ತಮ್ಮ ಜೀಪಿನಲ್ಲಿ ತೋಟದಿಂದ ಎರಡೂ ಕಡೆಗೆ ಹೋಗಿ ನಿಮಿಷ ಗುರುತು ಹಾಕಿ ಬಂದರು. ಶಿಬಿರದ ರಾತ್ರಿ ಜೀಪು ಮೂತಿಯನ್ನು ಗೇಟಿನ ಕಡೆ ಮಾಡಿ ನಿಂತಿತ್ತು, ಕೀಲಿಕೈ ಚಾವಡಿಯ ಕಂಬದ ಮೊಳೆಯಲ್ಲಿ. ಮೊಬೈಲಿಗೆ ರೇಂಜು ಸಿಗುವುದು ತುಳಸಿಕಟ್ಟೆಯ ಪಕ್ಕದಲ್ಲಿ ಮಾತ್ರ, ಅಲ್ಲಿ ಒಂದು ಸ್ಟೂಲು. ಕಚ್ಚಿದರೆ ಕಟ್ಟಬಾರದು, ಕೊಯ್ಯಬಾರದು, ಮಗುವನ್ನು ನಡೆಸಬಾರದು, ಹೊತ್ತು ಬರೆದುಕೊಂಡು ಕೈಕಾಲು ಅಲುಗದ ಹಾಗೆ ಮಾಡಿ ಹೊರಡಬೇಕು. ಅಡಿಕೆ ಹಾಳೆಯನ್ನು ಕಾಲಿಗೆ ಸುತ್ತಿ ಆರೂ ಜನ ಅಭ್ಯಾಸ ಮಾಡಿದೆವು. ನಮ್ಮ ತೋಟದಲ್ಲಿ ಹಾಳೆಗೆ ಬರವೇ?

ಇಷ್ಟೆಲ್ಲ ಆಗಿ ಮಕ್ಕಳು ಬಂದರು. ಮೂರನೇ ಕ್ಲಾಸಿನ ಒಬ್ಬ ಅಂಗಳದಲ್ಲಿ ಚೀಲ ಇಟ್ಟು ಸುತ್ತ ನೋಡಿ ಕೇಳಿದ: ‘ಟೀಚರ್, ಇದು ಮನೆಯೇ ಅಲ್ಲವಾ?’ ನನ್ನಲ್ಲಿ ಉತ್ತರ ಇರಲಿಲ್ಲ.

ಸಂಜೆಯ ಆಟ, ಸುರಂಗದ ಬಾಯಿಯವರೆಗೆ ಹೋಗಿ ನೀರು ತೊಟ್ಟಿಕ್ಕುವುದನ್ನು ಕೇಳಿದ್ದು, ಗಂಜಿ, ಹೆಸರುಕಾಳಿನ ಪಲ್ಯ ಎಲ್ಲ ಚೆನ್ನಾಗಿಯೇ ಆಯಿತು. ಬೆಂಕಿ ಹಾಕಿದ್ದು ಮುರಕಲ್ಲಿನ ಪಾದೆಯ ಮೇಲೆ, ಒಣ ಸೋಗೆ ರಾಶಿಯಿಂದ ದೂರ. ಸುತ್ತ ಸುಣ್ಣದ ಗೆರೆ, ಗೆರೆಯಾಚೆ ಮಕ್ಕಳು, ಈಚೆ ಎರಡು ಕೊಡ ನೀರು. ನೈಲಾನ್ ಶಾಲು ಹೊದ್ದ ಇಬ್ಬರಿಗೆ ಅಕ್ಕ ತಮ್ಮ ಹತ್ತಿಯ ಸೆರಗಿನ ತುಂಡು ಕೊಡುತ್ತೇನೆ ಎಂದು ನಗಿಸಿ ಶಾಲು ತೆಗೆಸಿದರು. ಎಂಟು ಗಂಟೆಗೆ ನೀರು ಸುರಿದು ಆರಿಸಿದೆವು. ದೀಪ ಕಡಿಮೆ ಮಾಡಿದಾಗ ಪಡುವಣದಲ್ಲಿ ಶುಕ್ರ ಇನ್ನೂ ಇತ್ತು, ಮೇಲೆ ಗುರು, ಅದರ ಪಕ್ಕ ಕೃತ್ತಿಕೆಯ ಗೊಂಚಲು. ‘ಮನೆಯೇ ಅಲ್ಲವಾ’ ಎಂದವನು ಕೃತ್ತಿಕೆಯಲ್ಲಿ ಒಂಬತ್ತು ಲೆಕ್ಕ ಮಾಡಿದೆ ಎಂದ. ನನಗೆ ಕಂಡದ್ದು ಆರು.

ಒಂಬತ್ತು, ಹನ್ನೊಂದು, ಒಂದು, ಮೂರು, ಐದು ಎಂದು ತಲೆಯೆಣಿಕೆಯ ಹೊತ್ತು ನಿಗದಿಯಾಗಿತ್ತು. ಹನ್ನೊಂದಕ್ಕೆ 23. ಒಂದು ಗಂಟೆಗೆ ನಾನೂ ಅಕ್ಕನೂ ಎಣಿಸಿದಾಗ 24.

ಕಡಿಮೆ ಬಂದರೆ ಏನು ಮಾಡಬೇಕೆಂದು ನಾಲ್ಕು ಸಲ ಮಾತಾಡಿದ್ದೆವು. ಹೆಚ್ಚು ಬಂದರೆ? ಮತ್ತೆ ಎಣಿಸಿದೆವು, ಡೇರೆಗಳಲ್ಲಿ 9, ಚಾವಡಿಯಲ್ಲಿ 15. ಟಾರ್ಚಿಗೆ ಕೈ ಅಡ್ಡ ಹಿಡಿದು ಮುಖ ಮುಖ ನೋಡುತ್ತಾ ಹೋದರೆ ಆರನೇ ಪರದೆಯಲ್ಲಿ ಯಜಮಾನರ ಆರು ವರ್ಷದ ಮೊಮ್ಮಗ, ಅಜ್ಜನ ಪಕ್ಕದಿಂದ ಎದ್ದು ಬಂದವನು, ಇಬ್ಬರ ಮಧ್ಯೆ ಬೆಚ್ಚಗೆ ಬಿದ್ದುಕೊಂಡಿದ್ದ. ಅಕ್ಕ ನಗುವುದನ್ನು ಸೆರಗಿನಿಂದ ತಡೆದರು. ನನಗೆ ನಗು ಬರಲಿಲ್ಲ, ಬೆನ್ನು ತಣ್ಣಗಾಯಿತು. ಅವನು ಬಂದ ಮೇಲೆ ನಮ್ಮವರೊಬ್ಬರು ಎದ್ದು ಹೋಗಿದ್ದರೆ ಲೆಕ್ಕ ಸರಿಯಾಗಿ 23 ಬರುತ್ತಿತ್ತು! ನಾವು ತೃಪ್ತಿಯಿಂದ ಪುಸ್ತಕದಲ್ಲಿ ಬರೆದು ಕುಳಿತಿರುತ್ತಿದ್ದೆವು. ಆಗಲೇ ಕಾಗದ ಹರಿದು ಪ್ರತಿ ಪರದೆಗೂ ಡೇರೆಗೂ ಹೆಸರು ಬರೆದು ಪಿನ್ನು ಚುಚ್ಚಿದೆವು. ಮೂರರ ಎಣಿಕೆ ಹೆಸರು ಹಿಡಿದು ನಡೆಯಿತು. ಈಗ ನಾನು ಶಾಲೆಯ ಬಸ್ಸು ಹತ್ತಿಸುವಾಗಲೂ ತಲೆ ಎಣಿಸುವುದಿಲ್ಲ, ಹೆಸರು ಕರೆಯುತ್ತೇನೆ.

ಎರಡು ಗಂಟೆಯ ಹೊತ್ತಿಗೆ ಎರಡನೇ ಕ್ಲಾಸಿನ ಹುಡುಗಿ ಎದ್ದು ಕೂತು ‘ಉಮ್ಮಾ’ ಎಂದಳು. ನಾನು ಕನ್ನಡದಲ್ಲಿ ಸಮಾಧಾನ ಮಾಡಿದಷ್ಟೂ ಅಳು ಜೋರಾಯಿತು. ಕ್ಲಾಸಿನಲ್ಲಿ ನನ್ನ ಕನ್ನಡಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತುವವಳು. ಅಕ್ಕ ಪರದೆಯ ಹೊರಗೇ ಕುಳಿತು ಮಲೆಯಾಳದಲ್ಲಿ ಏನೋ ಅಂದರು, ಯಾವುದೋ ಬೆಕ್ಕಿನ ಕತೆ, ತುಂಬ ಮೆಲ್ಲಗೆ. ಐದು ನಿಮಿಷದಲ್ಲಿ ಉಸಿರು ಸಮವಾಯಿತು. ಮನೆಗೆ ಫೋನು ಮಾಡುವ ಅಗತ್ಯ ಬೀಳಲಿಲ್ಲ. ಮಾಡಿದ್ದರೂ ದೂರ ಹೋಗಬೇಕಿರಲಿಲ್ಲ: ಅವಳ ಅಪ್ಪ ರಾತ್ರಿ ಹನ್ನೊಂದರಿಂದಲೇ ಗೇಟಿನ ಹೊರಗೆ ತಮ್ಮ ರಿಕ್ಷಾದಲ್ಲಿ ಮುದುರಿ ಮಲಗಿದ್ದರಂತೆ. ಬೆಳಿಗ್ಗೆ ಗೊತ್ತಾಯಿತು. ಕರೆದು ಒಂದು ಕಟ್ಟಂಚಾ ಕೊಟ್ಟೆವು. ‘ಒಳಗೆ ಬರುವುದು ಬೇಡ ಅಂತ ನೀವೇ ಹೇಳಿದ್ದಲ್ಲವಾ, ಅದಕ್ಕೆ ಹೊರಗೆ’ ಎಂದರು.

ಒಪ್ಪಿಸುವಾಗ ಒಂದು ಗಲಾಟೆ. ಒಬ್ಬ ಹುಡುಗನನ್ನು ಕರೆದೊಯ್ಯಲು ಬಂದದ್ದು ಸೋದರಮಾವ, ಪತ್ರದಲ್ಲಿ ಇದ್ದದ್ದು ತಾಯಿಯ ಹೆಸರು. ತಾಯಿಯ ಫೋನು ಸ್ವಿಚ್ ಆಫ್, ತಂದೆ ಶಾರ್ಜಾದಲ್ಲಿ. ನಮ್ಮ ಎಂಟು ಗಂಟೆ ಎಂದರೆ ಅಲ್ಲಿ ಆರೂವರೆ, ರಜೆಯ ದಿನ. ‘ನಾನು ಇವನ ಮಾವ, ಇಡೀ ಊರಿಗೆ ಗೊತ್ತು’ ಎಂದು ಅವರು ಸ್ವರ ಏರಿಸಿದರು. ಹುಡುಗನೂ ‘ಮಾವನೇ ಟೀಚರ್’ ಎಂದ. ನನಗೂ ಗೊತ್ತಿತ್ತು. ಆದರೂ ಬಿಡಲಿಲ್ಲ. ತಂದೆಯಿಂದ ವಾಟ್ಸಾಪಿನಲ್ಲಿ ನಿದ್ದೆಗಣ್ಣಿನ ಸ್ವರದಲ್ಲಿ ‘ಕಳಿಸಿ ಟೀಚರ್’ ಎಂದು ಬರುವವರೆಗೆ ಇಪ್ಪತ್ತೈದು ನಿಮಿಷ ಅವರು ಅಂಗಳದಲ್ಲಿ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ಈಗಲೂ ಬದಿಯಡ್ಕ ಪೇಟೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.

ಹಾಸಿಗೆ ಬಟ್ಟೆಯ ವಿಷಯ ಹೇಳಬೇಕು. ಹೊದಿಕೆ, ಹಾಸು ಎಲ್ಲ ನಾವೇ ಶಾಮಿಯಾನದವರಿಂದ ಬಾಡಿಗೆಗೆ ತಂದದ್ದು, ಎಲ್ಲರದೂ ಒಂದೇ ನೀಲಿ ಬಣ್ಣ. ಬೆಳಿಗ್ಗೆ ಸೀಟಿ ಊದಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಹಾಸನ್ನು ಎಳೆದು ಓಡಿ ಬಾವಿಕಟ್ಟೆಯ ಹತ್ತಿರದ ರಾಶಿಗೆ ಎಸೆಯಬೇಕು, ಮೊದಲು ಎಸೆದವರಿಗೆ ಮೊದಲ ದೋಸೆ. ಇದೂ ಅಕ್ಕನ ಉಪಾಯ. ಹತ್ತೂವರೆಗೆ ಒಮ್ಮೆ ಎಬ್ಬಿಸಿದ್ದರೂ ಮೂರು ಹಾಸು ಒದ್ದೆಯಾಗಿತ್ತು. ಯಾರದ್ದೆಂದು ಯಾರಿಗೂ ಗೊತ್ತಾಗಲಿಲ್ಲ, ನನಗೂ.

ಮಕ್ಕಳೆಲ್ಲ ಹೋದ ಮೇಲೆ ನಾನೂ ಅಕ್ಕನೂ ಕಲ್ಲಿನ ಮೇಲೆ ಒಗೆಯತೊಡಗಿದೆವು. ಯಜಮಾನರು ಅಡಿಕೆ ಹರವಲು ಬಂದವರು ನೋಡಿ ‘ಎಲ್ಲ ಒಗೆಯಬೇಕಾ ಟೀಚರೇ, ಒಂದೇ ರಾತ್ರಿ ಅಲ್ಲವಾ ಹಾಸಿದ್ದು?’ ಎಂದರು. ಅಕ್ಕ ತಲೆ ಎತ್ತದೆ ‘ಎಲ್ಲ’ ಎಂದರು. ಹನ್ನೊಂದರ ಹೊತ್ತಿಗೆ ಅಂಗಳದ ಅರ್ಧದಲ್ಲಿ ಅಡಿಕೆ, ಇನ್ನರ್ಧದಲ್ಲಿ 23 ನೀಲಿ ಹಾಸು.